ಕುಡಿತ ಬಿಟ್ಟ ಮೇಲಿನ ಸಂಜೆಗಳು

ನನ್ನ ಮೊದಲ ಮೇಷ್ಟ್ರ ಕೆಲಸ ಲೊಕ್ಕನಹಳ್ಳಿಯಿಂದ ಆಚೆಗೆ, ಕಾಡಿಗೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಂದೇ ಕೋಣೆಯ ಶಾಲೆ, ನಾನೊಬ್ಬನೇ ಮೇಷ್ಟ್ರು. ಮಕ್ಕಳು ಮನೆಗೆ ಹೋದ ಮೇಲೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಪಾನನಿಷೇಧವಿದ್ದ ಕಾಲವಾದರೂ ಕಾಡಿನೊಳಗೆ ಕದ್ದು ಇಳಿಸಿದ ಸಾರಾಯಿ ಸಿಗುತ್ತಿತ್ತು. ಚಳಿಜ್ವರ ಬಂದು ಮೈಕೈ ನೋವೆಂದು ಮಲಗಿದ್ದಾಗ ಯಾರೋ ಮರುಕದಿಂದ ಒಂದು ಲೋಟ ತಂದುಕೊಟ್ಟರು. ಜ್ವರ ವಾರಕ್ಕೆ ಬಿಟ್ಟಿತು. ಲೋಟ ಬಿಡಲಿಲ್ಲ. ದುಃಖವಿತ್ತು, ಅದಕ್ಕೆ ಕುಡಿದೆ ಎಂದು ಹೇಳಿಕೊಳ್ಳಲು ನನಗೆ ಅಂಥ ದುಃಖವೇನೂ ಇರಲಿಲ್ಲ. ಸಂಜೆ ಹೊತ್ತು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ, ಅಷ್ಟೆ.

ಎರಡು ವರ್ಷದಲ್ಲಿ ಸಂಜೆಯದು ಬೆಳಿಗ್ಗೆಗೂ ಬಂತು. ಒಂದು ಮಧ್ಯಾಹ್ನ ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲೇ ನಿದ್ದೆಹೋದೆ. ಎಚ್ಚರವಾದಾಗ ಕೋಣೆ ಖಾಲಿ. ಮಕ್ಕಳೆಲ್ಲ ನೆಲ್ಲಿಕಾಯಿ ಆಯಲು ಕಾಡಿಗೆ ಹೋಗಿದ್ದರು. ಎಲ್ಲರೂ ವಾಪಸು ಬಂದರು, ಎರಡನೇ ಕ್ಲಾಸಿನ ಒಬ್ಬ ಹುಡುಗಿ ಬರಲಿಲ್ಲ. ಅದು ಆನೆ ಓಡಾಡುವ ಜಾಗ. ಊರೇ ಹುಡುಕಿತು. ನಾನೂ ಹುಡುಕಿದೆ, ಆದರೆ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ದನ ಮೇಯಿಸುವವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಮೈಮೇಲೆ ಮುಳ್ಳು ತರಚಿದ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಹುಡುಗಿಯ ಅಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು.

"ಕೂಸ ನಿಮ್ಮ ನಂಬ್ಕಂಡು ಕಳಿಸ್ತಿದ್ದೆ ಸಾ," ಎಂದ. "ನಿಮ್ಗೇ ನಿಮ್ ಮ್ಯಾಲೆ ನಿಗಾ ಇಲ್ವಲ್ಲ. ಇನ್ನ ಕೂಸಿನ್ ಮ್ಯಾಲೆ ಎಲ್ಲಿಂದ ಬಂದದು?"

ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕನಿಕರವಿತ್ತು. ಅದನ್ನು ತಾಳಲಾಗಲಿಲ್ಲ. ಮಾರನೆಯ ದಿನವೇ ರಜೆ ಬರೆದು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಕೊಳ್ಳೇಗಾಲದಲ್ಲಿ ನನ್ನ ಅಕ್ಕನನ್ನು ರೇಷ್ಮೆ ನೇಯುವ ಮನೆಗೆ ಕೊಟ್ಟಿದ್ದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಭಾವ ನನ್ನ ಮುಖ ನೋಡಿ ನೇಯುವುದನ್ನು ನಿಲ್ಲಿಸಿದರು. ಅಕ್ಕ ಬಿಸಿನೀರು ಕಾಯಿಸಿ, "ಮೊದ್ಲು ತಲೆಗೆ ಉಯ್ಕೊ ಓಗು," ಎಂದಳು. ಬಚ್ಚಲಲ್ಲಿ ಕೂತು ಅತ್ತೆ.

ಮೂರನೆಯ ದಿನಕ್ಕೆ ಕೈಕಾಲು ನಡುಗತೊಡಗಿತು. ಗೋಡೆಯ ಮೇಲೆ ಇಲ್ಲದ ಇರುವೆಗಳು ಹರಿದಾಡಿದವು. ಭಾವ ನನ್ನನ್ನು ಜಟಕಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಐದು ದಿನ ಅಲ್ಲೇ ಇಟ್ಟುಕೊಂಡು ಔಷಧಿ ಕೊಟ್ಟರು. ಕಳಿಸುವಾಗ ಅಕ್ಕನಿಗೆ, "ಇವರನ್ನ ಹಸಿದು ಇರೋಕೆ ಬಿಡಬೇಡಿ, ಒಬ್ಬರನ್ನೇ ಕೂರೋಕೂ ಬಿಡಬೇಡಿ," ಎಂದರು. ಅಕ್ಕ ಅದನ್ನು ಅಕ್ಷರಶಃ ಪಾಲಿಸಿದಳು. ಬೆಳಿಗ್ಗೆ ರಾಗಿ ಅಂಬಲಿ, ನೆತ್ತಿಗೆ ಹೊತ್ತು ಬರುವ ಮುಂಚೆ ಊಟ, ನಾಲ್ಕು ಗಂಟೆಗೆ ಹುರಿಗಡಲೆ ಬೆಲ್ಲ. ಬೇಡವೆಂದರೆ ಎದುರಿಗೇ ಕೂತುಬಿಡುತ್ತಿದ್ದಳು.

ಸಂಜೆ ಐದಾಯಿತೆಂದರೆ ಗಂಟಲು ತಾನಾಗಿಯೇ ಒಣಗುತ್ತಿತ್ತು. ಭಾವ ಒಂದು ದಿನ ರಾಟೆ ತಂದು ಮುಂದಿಟ್ಟರು. ಹೊಕ್ಕಿನ ನೂಲನ್ನು ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗಳಿಗೆ ಸುತ್ತುವ ಕೆಲಸ. ಮನೆಯ ಹೆಂಗಸರು, ಮುದುಕರು ಮಾಡುವಂಥದ್ದು. ಕೂದಲಿಗಿಂತ ಸಣ್ಣ ಎಳೆ. ನನ್ನ ಕೈ ನಡುಗಿದಷ್ಟು ಸಲ ತುಂಡಾಯಿತು.

"ಭಾವ, ನೂಲೆಲ್ಲ ಹಾಳು ಮಾಡ್ತಾ ಇದ್ದೀನಿ," ಎಂದೆ.

"ಕಿತ್ತೋದ್ರೆ ಗಂಟಾಕು," ಎಂದರು ಅವರು, ಮಗ್ಗದಿಂದ ತಲೆ ಎತ್ತದೆ. "ಗಂಟಾಕದ್ನೂ ಕಲೀಬೇಕು ಕಣಪ್ಪ. ನಾವೆಲ್ಲ ಅದ್ರಲ್ಲೇ ಬದುಕಿರದು."

ಒಂದು ತಿಂಗಳಿಗೆ ಎಳೆ ತುಂಡಾಗುವುದು ಕಡಿಮೆಯಾಯಿತು. ಆ ಒಂದು ಗಂಟೆ ಕಳೆದರೆ ಸಾಕು, ಗಂಟಲು ಒಣಗುವುದು ನಿಂತು ಹಸಿವಾಗುತ್ತಿತ್ತು. ಆಸೆ ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಅಲ್ಲಿ. ಅಲ್ಲಿಯವರೆಗೆ, ಬಂದ ಆಸೆ ಕುಡಿಯದೆ ಹೋಗುವುದೇ ಇಲ್ಲ ಎಂದುಕೊಂಡಿದ್ದೆ.

ಆಮೇಲೆ ಸತ್ತೇಗಾಲದ ಹತ್ತಿರದ ಊರಿಗೆ ವರ್ಗವಾಯಿತು. ಗದ್ದೆ, ಕಬ್ಬು, ತೆಂಗಿನ ಊರು. ನಾಲ್ಕು ಜನ ಮೇಷ್ಟ್ರುಗಳಿದ್ದರು. ಬಸ್ಸು ಅನುಕೂಲವಿದ್ದುದರಿಂದ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೆ. ಏಳು ತಿಂಗಳು ಸರಿಯಾಗಿದ್ದೆ. ಕೌದಳ್ಳಿಯಲ್ಲಿ ಸ್ನೇಹಿತನೊಬ್ಬನ ಮದುವೆಗೆ ಹೋದ ದಿನ ಕುಡಿದುಬಿಟ್ಟೆ. ಒಂದು ಲೋಟ ಎಂದು ಶುರುವಾದದ್ದು ಎಲ್ಲಿ ನಿಂತಿತೋ ನೆನಪಿಲ್ಲ.

ಮಾರನೆಯ ದಿನ ಅಕ್ಕನ ಮುಂದೆ ಹೋಗಿ ನಿಂತೆ. "ಎಲ್ಲಾ ಮುಗೀತು ಅಕ್ಕ. ನನ್ನ ಕೈಲಿ ಆಗಲ್ಲ," ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

"ನೆನ್ನೆ ಮದ್ಯಾನ ಉಂಡಿದ್ಯಾ?" ಎಂದಳು.

"ಇಲ್ಲ."

"ಯಾಕ್ಲಾ?"

ಹೇಳಿದೆ. ಮದುವೆಮನೆಯಲ್ಲಿ ಹಳೆಯ ಶಾಲೆಯ ಊರಿನವನೊಬ್ಬ ನನ್ನ ಗುರುತು ಹಿಡಿದು ಎಲ್ಲರೆದುರು ನಕ್ಕಿದ್ದ. ಅವಮಾನದಿಂದ ಊಟದ ಪಂಕ್ತಿಯಿಂದ ಎದ್ದುಬಂದು, ಯಾರಿಗೂ ಹೇಳದೆ ಮರದ ಕೆಳಗೆ ಒಬ್ಬನೇ ಕೂತಿದ್ದೆ.

"ಅಂಗಾರೆ ನೀನು ಕುಡ್ದಿದ್ದು ಸಂಜೆಗಲ್ಲ ಕಣ್ಲಾ," ಎಂದಳು ಅಕ್ಕ. "ಉಣ್ದೆ ಎದ್ಯಲ್ಲ, ಆಗ್ಲೇ ಕುಡ್ದಾಗಿತ್ತು. ಆಗ್ಲೇ ಯಾರ್ ತಾವಾದ್ರೂ ಓಗಿ ಬಾಯ್ಬಿಡ್ಬೇಕಾಗಿತ್ತು. ಈಗ ಏಳು, ಉಣ್ಣು."

ಓದು ಬರಹ ಬಾರದ ನನ್ನ ಅಕ್ಕ ಹೇಳಿದ ಆ ಮಾತು ನನ್ನನ್ನು ಉಳಿಸಿತು. ಅಂದಿನಿಂದ ಸಂಜೆಯನ್ನು ಕಾಯುವುದು ಬಿಟ್ಟು ಬೆಳಿಗ್ಗೆಯಿಂದಲೇ ನನ್ನನ್ನು ನೋಡಿಕೊಳ್ಳತೊಡಗಿದೆ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಸಿಟ್ಟು ಬಂದರೆ ಕಾವೇರಿಯವರೆಗೆ ನಡೆದುಹೋಗಿ ಈಜಿ ಬರುವುದು. ದೊಡ್ಡ ವ್ರತವೇನಲ್ಲ. ಕೆಲವು ದಿನ ಅದೂ ಸಾಲದೆ ಪುಸ್ತಕದ ಒಂದೇ ಪುಟವನ್ನು ಹತ್ತು ಸಲ ಜೋರಾಗಿ ಓದಿದ್ದೂ ಉಂಟು.

ಮುಂದೆ ನಿಷೇಧ ತೆಗೆದರು. ಶಾಲೆಗೆ ಹೋಗುವ ದಾರಿಯಲ್ಲೇ ಸಾರಾಯಿ ಅಂಗಡಿ ತೆರೆಯಿತು. ನಾನು ಬಿಟ್ಟು ಆಗ ನಾಲ್ಕು ವರ್ಷ ದಾಟಿತ್ತು. ಆದರೂ ಮೊದಲ ದಿನ ಆ ವಾಸನೆಗೆ ಕಾಲು ತಾನಾಗಿ ನಿಧಾನವಾಯಿತು. ಹೆದರಿಹೋದೆ. ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋಗತೊಡಗಿದೆ. ಪ್ಯಾಂಟಿಗೆ ಕೆಸರು ಮೆತ್ತಿಕೊಂಡು ಶಾಲೆಗೆ ಬರುವುದನ್ನು ಹೆಡ್‌ಮೇಷ್ಟ್ರು ಕಂಡು ಕಾರಣ ಕೇಳಿದರು. ಸುಳ್ಳು ಹೇಳಲು ಬಾಯಿ ತೆರೆದೆ. ಆಮೇಲೆ ಅಕ್ಕನ ಮಾತು ನೆನೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದೇ ಹೇಳಿದೆ.

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

"ನಮ್ಮಣ್ಣ ಈ ಕುಡ್ತದಲ್ಲೇ ತೀರೋದ ಕಣ್ರಿ," ಎಂದರು. "ಅವ ಯಾರ್‌ಗೂ ಏಳ್ಲಿಲ್ಲ. ನಾವೂ ಕೇಳ್ಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಅವರು ಬದುವಿನ ತುದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ನಿವೃತ್ತರಾಗುವವರೆಗೆ, ಮೂರು ವರ್ಷ, ಇಬ್ಬರೂ ಆ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು.