ಗೇಮಿನ ಮನೆ ಮುಗಿದ ಮೇಲೆ

ಗೆಳೆಯರೇ, ತಪ್ಪು ಯಾರದೆಂದು ನೀವೇ ಹೇಳಿ. ಕೊಂಢವಾ ಬಡಾವಣೆಯ ನಮ್ಮ ಕನ್ನಡ ಶಾಲೆಯ ಮೂರನೆಯ ತರಗತಿಗೆ ಇವತ್ತು ವಿಡಿಯೊ ಗೇಮ್ ತೋರಿಸಿದೆ, ಅದನ್ನು ನೋಡಿಯಾದರೂ ಮಕ್ಕಳು ನಾಲ್ಕು ಸಾಲು ಬರೆಯಲಿ ಎಂದು. ಎಲ್ಲರೂ ಕಟ್ಟಡ ಕೆಲಸದವರ ಮಕ್ಕಳು. ಗೇಮಿನಲ್ಲಿ ಒಬ್ಬ ಇಟ್ಟಿಗೆ ಹೊತ್ತು, ಗೋಡೆ ಎಬ್ಬಿಸಿ, ಚೆಂದದ ಮನೆ ಕಟ್ಟುತ್ತಾನೆ. ಅಲ್ಲಿಗೆ ನಿಲ್ಲಿಸಿ, "ಮುಂದ ಏನಾತು, ಬರೀರಿ" ಎಂದೆ.

ರೇಣುಕಾ ಬರೆದಳು: "ಮನಿ ಮುಗೀತು. ಅವ ತನ್ನ ತಗಡಿನ ಶೆಡ್ಡು ಬಿಚ್ಚಿ, ಭಾಂಡೆ-ಪಾತ್ರೆ ಕಟ್ಟಿಕೊಂಡು ಬ್ಯಾರೆ ಸೈಟಿಗೆ ಹೋದ."

ಗೇಮ್ ಮುಂದುವರಿಸಿ ತೋರಿಸಿದೆ. ಅವನು ಆ ಮನೆಯೊಳಗೇ ಹೋಗಿ ಮಲಗಿಬಿಟ್ಟ.

"ನೋಡವಾ, ಅಲ್ಲೇ ಇರ್ತಾನ" ಎಂದೆ.

"ಯಾಕ್ರೀ ಟೀಚರ್? ಕೆಲಸ ಮುಗೀತಲ್ರಿ!"

ನನಗೆ ಗೊಂದಲ. ಉಳಿದವರನ್ನು ಕೇಳಿದರೆ ಇಡೀ ತರಗತಿ ಅವಳ ಕಡೆ. "ಒಳಗ ಮಕ್ಕೊಂಡ್ರ ಸುಪರ್‌ವೈಸರ್ ಭಾಳ ಬೈತಾನ್ರಿ" ಎಂದು ಅವಳ ಪಕ್ಕದವಳು ನನ್ನನ್ನೇ ಎಚ್ಚರಿಸಿದಳು.

ಈಗ ಕೆಂಪು ಪೆನ್ನು ತೆರೆದುಕೊಂಡು ಕೂತಿದ್ದೇನೆ. ಮಕ್ಕಳು ಬರೆದದ್ದರಲ್ಲಿ ತಪ್ಪು ಸಿಗುತ್ತಿಲ್ಲ. ಗೇಮ್ ಮಾಡಿದವರ ನೋಟ್‌ಬುಕ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿಕೊಡಿ, ತಿದ್ದುತ್ತೇನೆ.