ಅತ್ತೆಯ ಸೀರೆಯ ಗೌನು

ಮೊನ್ನೆ ಉಡುಪಿಯ ಅಂಗಡಿಯೊಂದರಲ್ಲಿ ಹತ್ತಿ ಬಟ್ಟೆಯ ಥಾನು ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಹೋದದ್ದು ದಿಂಬಿನ ಕವರಿಗೆಂದು. ನಿಂತಲ್ಲೇ ನೆನಪಾದದ್ದು ಮಾತ್ರ ಬಾಯಮ್ಮ... ಅವರ ಜಗಲಿಯಲ್ಲಿ ಸದಾ ಇದೇ ವಾಸನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಕಳದಿಂದ ಶಿರ್ವಕ್ಕೆ ಸೊಸೆಯಾಗಿ ಬಂದ ನನಗೆ ಪಕ್ಕದ ಮನೆಯ ಬಾಯಮ್ಮನೇ ಮೊದಲ ಗೆಳತಿ. ಪ್ರಾಯದಲ್ಲಿ ಅತ್ತೆಯ ಸಮ, ಅತ್ತೆ ಅವರನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಜಗಲಿಯಲ್ಲಿ ಹೊಲಿಗೆ ಮೆಶಿನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಭಾನುವಾರ ಪ್ರಾರ್ಥನೆಗೆ ಇಗರ್ಜಿಗೆ ಹೋಗುವಾಗ ಸೀರೆ ಉಡುತ್ತಿದ್ದರು, ಮನೆಯಲ್ಲಿ ಪಾದದವರೆಗಿನ ಸಡಿಲ ಹತ್ತಿಯ ಗೌನು.

ಆ ಏಪ್ರಿಲಿನಲ್ಲಿ ನನಗೆ ಎರಡನೆಯ ಬಸಿರು. ನಮ್ಮ ಕಡೆಯ ಸೆಕೆ ಗೊತ್ತಲ್ಲ, ಸ್ನಾನ ಮಾಡಿ ಬಂದ ಕೂಡಲೇ ಮತ್ತೆ ಬೆವರಿನ ಸ್ನಾನ. ಲಂಗದ ದಾರ ಸೊಂಟ ಕೊರೆದು ಗಾಯವಾಗಿತ್ತು, ಮೈತುಂಬ ಬೆವರುಸಾಲೆ, ನಿದ್ದೆಯಿಲ್ಲ. ನಾನೂ ಗೌನು ಹಾಕಲೇ ಎಂದು ಅತ್ತೆಯನ್ನು ಕೇಳಿದೆ.

"ಬಂದವರ ಎದುರು ಎಂತ, ಅಂಗಿ ಹಾಕಿಕೊಂಡು ನಿಲ್ಲುವುದಾ?" ಎಂದರು. ಅತ್ತೆ ಕೆಟ್ಟವರಲ್ಲ. ಆದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ನಾನು ಬಾಯಮ್ಮನ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಮರುದಿನ ಅವರು ನಮ್ಮಲ್ಲಿಗೆ ಬಂದು ಅತ್ತೆಯ ಹತ್ತಿರ, "ಮಗುವಿಗೆ ನಿಮ್ಮದೊಂದು ಹಳೆ ಸೀರೆ ಕೊಡಿ ಅಕ್ಕಾ" ಎಂದರು. ಹುಟ್ಟಿದ ಮಗುವಿನ ಮೈಗೆ ಹೊಸ ಬಟ್ಟೆ ತಾಗಿಸಬಾರದು, ಮನೆಯ ಹಿರಿಯರು ಉಟ್ಟು ಮೆತ್ತಗಾದದ್ದೇ ಆಗಬೇಕು ಎಂಬುದು ರೂಢಿ. ಅತ್ತೆ ಸಂಭ್ರಮದಿಂದ ಪೆಟ್ಟಿಗೆ ತೆಗೆದು ತೆಳುನೀಲಿಯ ಹತ್ತಿ ಸೀರೆಯನ್ನು ಆರಿಸಿ ಕೊಟ್ಟರು.

ಬಾಯಮ್ಮ ಟೇಪು ಮುಟ್ಟಲಿಲ್ಲ, ನನ್ನ ಬೆನ್ನಿಗೆ ಗೇಣಿಟ್ಟು ಅಳೆದರು. ತೋಳಿನ ಬುಡದಲ್ಲಿ ಸಡಿಲ, ಎದೆಯ ಕೆಳಗೆ ನೆರಿಗೆ, ಮುಂದೆ ಹಾಲೂಡಿಸಲು ಗುಂಡಿ. ಬೆವರುಸಾಲೆಗೆ ಉಜ್ಜದ ಹಾಗೆ ಒಳಗಿನ ಅಂಚನ್ನೆಲ್ಲ ಮಡಚಿ ಕೈಯಲ್ಲೇ ಹೊಲಿದರು. ಉಳಿದದ್ದರಲ್ಲಿ ಮಗುವಿಗೆ ಪುಟ್ಟ ಅಂಗಿಗಳು.

ಗೌನು ತೊಟ್ಟು ಬಾಯಮ್ಮನ ಹಿಂದೆ ಹೆದರುತ್ತಾ ಮನೆಗೆ ಬಂದೆ. ಅತ್ತೆ ತಮ್ಮ ಸೀರೆಯನ್ನು ಗುರುತಿಸಿದರು. ಮುಖ ಕೆಂಪಾಯಿತು.

"ಮಗುವಿಗೆ ಅಂತ ಹೇಳಿದ್ದಲ್ವಾ ಬಾಯಿ?"

"ಮಗು ಈಗ ಇವಳ ಹೊಟ್ಟೆಯಲ್ಲೇ ಉಂಟಲ್ಲ ಅಕ್ಕಾ. ಮಗುವಿಗೇ ಹೊಲಿದದ್ದು" ಎಂದರು ಬಾಯಮ್ಮ, ಸ್ವಲ್ಪವೂ ನಗದೆ.

ಅತ್ತೆ ಹತ್ತಿರ ಬಂದು ತೋಳಿನ ಬಟ್ಟೆಯನ್ನು ಮುಟ್ಟಿ ನೋಡಿದರು. "ಗಾಳಿ ಆಡ್ತದಾ?" ಎಂದು ಕೇಳಿದರು. ಆಡುತ್ತಿತ್ತು. ಎಷ್ಟೋ ದಿನಗಳ ಮೇಲೆ ನಾನು ಮಲಗಿ ನಿದ್ದೆ ಮಾಡಿದೆ.

ಮುಂದಿನ ಬೇಸಿಗೆಗೆ ಅತ್ತೆಗೂ ಒಂದು ಗೌನು ಬಂತು. ನಾನು ಒಳಗೊಳಗೇ ನಕ್ಕೆ. ಆದರೆ ಬಾಗಿಲಲ್ಲಿ ಯಾರ ದನಿ ಕೇಳಿದರೂ ಅತ್ತೆ ಸೀರೆಗಾಗಿ ಕೋಣೆಗೆ ಓಡುತ್ತಿದ್ದರು.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಬಾಯಮ್ಮ ಮೆಶಿನ್ನಿನ ಮುಂದೆಯೇ ಕುಸಿದರು. ಕೂಗು ಕೇಳಿದ್ದೇ ತಡ, ಅತ್ತೆ ಗೌನಿನಲ್ಲಿ ಇದ್ದ ಹಾಗೇ ಓಡಿದರು. ನಾನು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು... ಊರೆಲ್ಲ ನೆರೆದ ಆ ಜಗಲಿಯಲ್ಲಿ ಅತ್ತೆ ಬಾಯಮ್ಮನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಜನ ನೋಡುತ್ತಾರೆಂದು ನಾನು ಸೀರೆ ತಂದು ಕೊಟ್ಟೆ. "ಇರಲಿ ಮಗಾ, ಇದು ಬಾಯಿ ಹೊಲಿದದ್ದು" ಎಂದು ಅತ್ತರು.

ಈಗ ಅತ್ತೆಯೂ ಇಲ್ಲ. ಅಂಗಡಿಗಳಲ್ಲಿ ನೇತುಹಾಕಿದ ನೈಟಿಗಳಿಗೆ ಬರವಿಲ್ಲ. ಒಂದರಲ್ಲಿ ತೋಳು ಹಿಡಿಯುತ್ತದೆ, ಇನ್ನೊಂದರಲ್ಲಿ ಕುತ್ತಿಗೆ. ನನ್ನ ಬೆನ್ನಿನ ಅಳತೆ ಗೊತ್ತಿದ್ದವರು ಈಗ ಯಾರೂ ಇಲ್ಲ.