ರುಮಾಲು ಒಯ್ದ ಭರತಿ

ಅರಿಶಿನ ಹಿಡಿದು ಹಳದಿಗಟ್ಟಿದ ಹೆಬ್ಬೆರಳು ಅದೇ ಕೈಯ ಗೆಣ್ಣುಗಳ ಮೇಲೆ ಓಡುತ್ತಿತ್ತು. ಬಾಯಲ್ಲಿ ಪಾಡ್ಯ, ಬಿದಿಗೆ, ತದಿಗೆ. ಮುಂಬಯಿ ಕಾಂದಿವಲಿಯ ನಮ್ಮ ಚಾಳಿನಿಂದ ಯಾರು ಸಮುದ್ರಕ್ಕೆ ಹೊರಟರೂ ಪಕ್ಕದ ಖೋಲಿಯ ವೈನಿ ಹೀಗೆ ತಿಥಿ ಎಣಿಸದೆ ಬಿಡುತ್ತಿರಲಿಲ್ಲ. ಅವರಿಗೆ ಈ ಚಟ ಹತ್ತಿಸಿದ್ದು ನಮ್ಮ ಮಾವನವರ ತಲೆಯ ರುಮಾಲು. ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಐವತ್ತರ ದಶಕದ ಮಾತು. ವೈನಿ, ನಾನು ಇಬ್ಬರೂ ಧಾರವಾಡದ ಕಡೆಯವರು. ನಾನು ಮದುವೆಯಾಗಿ ಬಂದ ಹೊಸತು. ಸಮುದ್ರದ ವಿಷಯದಲ್ಲಿ ವೈನಿ ಇಡೀ ಚಾಳಿಗೇ ಗುರು. “ಹೊಸಾ ಚಪ್ಪಲಿ ಬ್ಯಾಡ, ಉಪ್ಪುನೀರು ತಿಂದು ಹಾಕ್ತದ. ಮೊಸರನ್ನ ಹುಳಿ ಆಗ್ತದ, ಹಚ್ಚಿದ ಅವಲಕ್ಕಿ ಒಯ್ರಿ. ಒಂದು ಒಣಾ ಸೀರಿ ಗಂಟಿನ್ಯಾಗ ಇರ್ಲಿ.” ಕೇಳದವರಿಗೂ ಹೇಳುತ್ತಿದ್ದರು.

ಮಾವನವರು ಊರಿಂದ ಬಂದವರೇ ನಮ್ಮ ಒಂದೇ ಖೋಲಿ, ನಳದ ಮುಂದಿನ ಜಗಳ ನೋಡಿ, “ಸೊಸಿ ಊರಾಗಿರ್ಲಿ, ಮಗಾ ಖಾನಾವಳಿಯೊಳಗ ಉಣ್ಲಿ” ಎಂದುಬಿಟ್ಟರು. ನಾನು ವೈನಿಯ ಖೋಲಿಗೆ ಓಡಿದೆ. “ನೀ ಸುಮ್ನಿರು. ಸಮುದ್ರ ತೋರ್ಸಿದ್ರ ಹಿರಿಯರ ಮನಸ್ಸು ಕರಗ್ತದ” ಎಂದು ವೈನಿ ಮಾವನವರನ್ನೂ ನನ್ನನ್ನೂ ಕರೆದುಕೊಂಡು ಬೊರಿವಲಿಯ ಆಚೆಯ ಗೊರಾಯಿ ದಂಡೆಗೆ ಹೊರಟರು. ನನ್ನವರು ಫೋರ್ಟಿನ ಆಫೀಸಿನಲ್ಲಿದ್ದರು.

ಸಮುದ್ರದ ಹಿನ್ನೀರಿನ ಖಾಡಿ ದಾಟಿಸಿದ ದೋಣಿಯವನು ನಮ್ಮನ್ನು ಇಳಿಸುವಾಗ ಮರಾಠಿಯಲ್ಲಿ, “ಬಾಯಿ, ದುಪಾರಿ ಭರತಿ ಆಹೆ” ಎಂದ. ನಮ್ಮ ಕಡೆ ಭರ್ತಿ ಎಂದರೆ ತುಂಬಿದ್ದು. “ಮಧ್ಯಾಹ್ನ ದೋಣಿ ಭರ್ತಿ ಇರ್ತದಂತ. ಗದ್ದಲ ಇಳೀಲಿ, ಸಂಜೀಕ ಹೋಗೂಣು” ಎಂದು ವೈನಿ ಅರ್ಥ ಹೇಳಿದರು. ತುಂಬುವುದು ದೋಣಿಯಲ್ಲ, ಸಮುದ್ರ ಎಂದು ಯಾರಿಗೂ ಹೊಳೆಯಲಿಲ್ಲ. ಬಂಡೆಯ ನೆರಳಲ್ಲಿ ಅವಲಕ್ಕಿ ತಿಂದು ಮಾವನವರು ರುಮಾಲು ತೆಗೆದಿಟ್ಟು ಅಡ್ಡಾದರು. ನಮಗೂ ಜೊಂಪು ಹತ್ತಿತು. ಕಾಲಿಗೆ ನೀರು ತಾಗಿ ಎದ್ದರೆ ಗಂಟಿಲ್ಲ, ಚಪ್ಪಲಿಯಿಲ್ಲ. ರುಮಾಲು ಬಿಚ್ಚಿಕೊಂಡು ತೆರೆಯ ಮೇಲೆ ದೂರ ಹೋಗುತ್ತಿತ್ತು.

ಬರಿದಲೆಯಲ್ಲಿ ಎಂದೂ ಹೊಸ್ತಿಲು ದಾಟದ ಮನುಷ್ಯ ಒದ್ದೆ ಧೋತರದಲ್ಲಿ, ಬರಿಗಾಲಲ್ಲಿ ಲೋಕಲ್ ಹತ್ತಿದರು. ಜನ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಚಾಳಿಗೆ ಬಂದದ್ದೇ ತಡ, ಎಲ್ಲರೆದುರು ವೈನಿ ಅವರ ಕಾಲು ಹಿಡಿದರು. “ತಪ್ಪು ನಂದ್ರೀ ಕಾಕಾ. ತಿಳೀದ ಮಾತಿಗೆ ಶಾಣ್ಯಾಕಿ ಹಂಗ ಅರ್ಥಾ ಹೇಳಿದೆ. ನನ್ನ ಬೈರಿ, ಈ ಹುಡುಗಿನ್ನ ಒಯ್ಯಬ್ಯಾಡ್ರಿ.” ನನಗಾಗಿ ಒಬ್ಬಾಕೆ ಹಾಗೆ ಬಾಗುವುದನ್ನು ನೋಡಲಾರದೆ ನಾನು ನೆಲ ನೋಡುತ್ತ ನಿಂತೆ.

ಮಾವನವರು ಬರಿದಲೆಯ ಮೇಲೊಮ್ಮೆ ಕೈಯಾಡಿಸಿಕೊಂಡರು. ಆಮೇಲೆ, “ಏಳವಾ. ಸೊಸಿ ಇಲ್ಲೇ ಇರ್ಲಿ. ಆಕೀಗೆ ಇಲ್ಲೆ ನೀ ಇದ್ದಿ” ಎಂದರು.

ಚಾಳಿನವರು ಬಿಟ್ಟಾರೆಯೇ? “ಏನ್ರಿ ವೈನಿ, ದೋಣಿ ಭರ್ತಿ ಅದ ಏನು?” ಎಂದು ವರ್ಷಗಟ್ಟಲೆ ಕಾಡಿದರು. ವೈನಿ ಸೆರಗಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಆದರೆ ಬುದ್ಧಿ ಹೇಳುವುದು ಬಿಡಲಿಲ್ಲ. ಮೀನು ಮಾರುವಾಕೆಯನ್ನು, ಮೂಗಿಗೆ ಸೆರಗು ಹಿಡಿದೇ, ಕೇಳಿ ಕಲಿತರು: “ಹುಣ್ಣಿವಿ, ಅಮಾಸಿ ಹತ್ರ ಇದ್ರ ಮಧ್ಯಾಹ್ನ ಭರತಿ; ಅಷ್ಟಮಿಗೆ ಮಧ್ಯಾಹ್ನ ಇಳಿತ.”

ವೈನಿ ತೀರಿಕೊಂಡಾಗ ಅಸ್ಥಿ ಬಿಡಲು ಗೊರಾಯಿಗೇ ಹೋದೆವು. ಮಧ್ಯಾಹ್ನದ ಹೊತ್ತು, ಅವರ ಯಜಮಾನರು ಅಸ್ಥಿಯ ಗಡಿಗೆ ಹಿಡಿದು ನೀರಿಗೆ ಇಳಿಯಹೊರಟರು. ನನ್ನ ಹೆಬ್ಬೆರಳು ತಾನಾಗಿ ಗೆಣ್ಣಿನ ಮೇಲೆ ಓಡಿತು. ಹುಣ್ಣಿಮೆ ಕಳೆದ ಪಾಡ್ಯ. ಈಗ ಬಿಟ್ಟರೆ ತೆರೆ ಮತ್ತೆ ದಂಡೆಗೇ ತಂದು ಹಾಕುತ್ತದೆ.

“ಭರ್ತಿ ಅದ ರೀ. ಇಳೀಲಿ, ಸಂಜೀಕ ಬಿಡೂಣು” ಎಂದೆ. ಅಂದಮೇಲೆ ಗೊತ್ತಾಯಿತು, ಅದು ವೈನಿಯದೇ ಮಾತು. ನೀರು ಇಳಿಯುವ ತನಕ ಅದೇ ಬಂಡೆಯ ಮೇಲೆ ಗಡಿಗೆಯೊಳಗಿನ ವೈನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ.